ಕ್ಯಾಥೊಲಿಕರು ಬಹುಸಂಖ್ಯಾತರಾಗಿರುವ ದೇಶಗಳು ಯಾವುವು? ಒಂದೊಂದು ಪಟ್ಟಿಯಲ್ಲಿ ಒಂದೊಂದು ಲೆಕ್ಕ

ನಕ್ಷೆಗಾರ
ಎಲ್ಲರಿಗೂ ನಮಸ್ಕಾರ. ಜಗತ್ತಿನ ಧರ್ಮಗಳ ಗೋಡೆನಕ್ಷೆಯೊಂದನ್ನು ಕೈಯಲ್ಲೇ ಬರೆಯುತ್ತಿದ್ದೇನೆ. ಕ್ಯಾಥೊಲಿಕರು ಅರ್ಧಕ್ಕಿಂತ ಹೆಚ್ಚಿರುವ ದೇಶಗಳಿಗೆಲ್ಲ ಹಳದಿ ಎಂದು ತೀರ್ಮಾನಿಸಿ ಕುಂಚ ಹಿಡಿದೆ. ಅರ್ಧ ದಿನದ ಕೆಲಸ ಎಂದುಕೊಂಡಿದ್ದೆ, ಈಗ ಮೂರನೆಯ ವಾರ ನಡೆಯುತ್ತಿದೆ.

ದಕ್ಷಿಣ ಅಮೆರಿಕಕ್ಕೆ ಪೂರ್ತಿ ಬಳಿದಾಯಿತು. ಯುರೋಪಿನಲ್ಲಿ ಇಟಲಿ, ಸ್ಪೇನ್, ಪೋರ್ಚುಗಲ್, ಫ್ರಾನ್ಸ್, ಬೆಲ್ಜಿಯಂ, ಲಕ್ಸೆಂಬರ್ಗ್, ಆಸ್ಟ್ರಿಯಾ, ಝೆಕ್, ಹಂಗೇರಿ, ಪೋಲೆಂಡ್, ಐರ್ಲೆಂಡ್. ಏಷ್ಯಾದಲ್ಲಿ ಫಿಲಿಪ್ಪೀನ್ಸ್ ಒಂದೇ. ಆಮೇಲೆ ಪ್ರತಿ ದೇಶದ ಮೇಲೂ ಶೇಕಡಾವಾರು ಬರೆಯೋಣ ಎಂದು ಕುಳಿತಾಗ ಬ್ರೆಜಿಲ್‌ನಲ್ಲೇ ಸಿಕ್ಕಿಬಿದ್ದೆ. ಒಂದು ಕಡೆ ಶೇ. 57 ಎಂದಿದೆ, ಇನ್ನೊಂದು ಕಡೆ ಲೆಕ್ಕ ಹಾಕಿದರೆ ಶೇ. 85ನ್ನೂ ದಾಟುತ್ತದೆ. ಒಂದೇ ದೇಶ, ಹೆಚ್ಚುಕಡಿಮೆ ಒಂದೇ ಕಾಲ. ಎರಡರಲ್ಲಿ ಒಂದು ಸುಳ್ಳಿರಲೇಬೇಕಲ್ಲ? ಕಣ್ಣುಮುಚ್ಚಿ ನಂಬಬಹುದಾದ ಪಟ್ಟಿ ಯಾರ ಬಳಿಯಾದರೂ ಇದ್ದರೆ ತಿಳಿಸಿ.

ಕೊಂಕುನುಡಿ
ಫ್ರಾನ್ಸಿಗೂ ಹಳದಿಯೇ? ಒಣಗುವ ಮೊದಲು ಒರೆಸಿಬಿಡಿ.

ಗಣತಿ ಅಜ್ಜ
ನಕ್ಷೆಗಾರರೇ, ಎರಡೂ ಸುಳ್ಳಲ್ಲ. ಎಣಿಸಿದವರು ಬೇರೆ, ಎಣಿಸಿದ್ದೂ ಬೇರೆ.

ಬ್ರೆಜಿಲ್‌ನ 2022ರ ಜನಗಣತಿಯಲ್ಲಿ ಗಣತಿದಾರರು ಮನೆಗೆ ಹೋಗಿ ‘ನಿಮ್ಮ ಧರ್ಮ ಯಾವುದು’ ಎಂದು ಕೇಳಿದರು. ಹತ್ತು ವರ್ಷ ಮತ್ತು ಅದಕ್ಕೂ ಮೇಲ್ಪಟ್ಟವರಲ್ಲಿ ಶೇ. 56.7 ಮಂದಿ ಕ್ಯಾಥೊಲಿಕ್ ಎಂದರು. ಅಂದರೆ ಸುಮಾರು 10 ಕೋಟಿ ಜನ. ವ್ಯಾಟಿಕನ್ ಪ್ರತಿ ವರ್ಷ ಹೊರತರುವ ಅಂಕಿಅಂಶದಲ್ಲಿ ಅದೇ ಬ್ರೆಜಿಲ್‌ಗೆ 18.2 ಕೋಟಿ ಕ್ಯಾಥೊಲಿಕರು. ನಡುವೆ 8 ಕೋಟಿಯ ಕಂದಕ! ಹತ್ತು ವರ್ಷದೊಳಗಿನ ಮಕ್ಕಳನ್ನೆಲ್ಲ ತಂದು ಸುರಿದರೂ ಅದು ತುಂಬುವುದಿಲ್ಲ. ಏಕೆಂದರೆ ವ್ಯಾಟಿಕನ್ ಎಣಿಸುವುದು ದೀಕ್ಷಾಸ್ನಾನ ಪಡೆದವರನ್ನು. ಎಳೆಯ ಕೂಸಿನ ತಲೆಗೆ ನೀರು ಬಿದ್ದ ಮೇಲೆ ಆ ಕೂಸು ಬೆಳೆದು ಬೇರೆ ಸಭೆ ಸೇರಿದರೂ, ಯಾವುದನ್ನೂ ನಂಬದೆ ಮನೆಯಲ್ಲೇ ಉಳಿದರೂ ಆ ಲೆಕ್ಕದಲ್ಲಿ ಕ್ಯಾಥೊಲಿಕನೇ.

ಇಡೀ ಜಗತ್ತಿಗೆ 2023ರಲ್ಲಿ 140.6 ಕೋಟಿ ಕ್ಯಾಥೊಲಿಕರು ಎಂಬ ಅಂಕಿ ಪತ್ರಿಕೆಗಳಲ್ಲಿ ಬಂತಲ್ಲ, ಅದೂ ಇದೇ ತಕ್ಕಡಿಯಲ್ಲಿ ತೂಗಿದ್ದು.

ಗಂಟೆಗೋಪುರ
ಅಜ್ಜನವರ ಮಾತು ಸರಿ, ಆದರೆ ಅದರಲ್ಲಿ ಕುತಂತ್ರವೇನೂ ಇಲ್ಲ ಎಂದು ಸೇರಿಸುತ್ತೇನೆ. ನಾನು ಕೆಲವು ವರ್ಷ ಧರ್ಮಕೇಂದ್ರವೊಂದರಲ್ಲಿ ದಾಖಲೆ ಪುಸ್ತಕ ಬರೆಯಲು ನೆರವಾಗುತ್ತಿದ್ದೆ. ದೀಕ್ಷಾಸ್ನಾನದ ಪುಸ್ತಕದಲ್ಲಿ ಪ್ರತಿ ಹೆಸರಿನ ಪಕ್ಕದಲ್ಲೂ ಅಂಚಿಗೆ ಜಾಗ ಬಿಟ್ಟಿರುತ್ತಾರೆ. ಆಮೇಲೆ ಆ ವ್ಯಕ್ತಿಗೆ ಎಲ್ಲೇ ಮದುವೆಯಾಗಲಿ, ಅಲ್ಲಿನ ಗುರುಗಳು ಇಲ್ಲಿಗೆ ತಿಳಿಸುತ್ತಾರೆ, ಅಂಚಿನಲ್ಲಿ ಬರೆದುಕೊಳ್ಳುತ್ತೇವೆ. ದೃಢೀಕರಣ, ಗುರುದೀಕ್ಷೆ ಎಲ್ಲವೂ ಅಲ್ಲೇ. ಸಾವಿಗೆ ಮಾತ್ರ ಬೇರೆ ಪುಸ್ತಕ. ‘ನಂಬಿಕೆ ಕಳೆದುಕೊಂಡರು’ ಎಂದು ಬರೆಯುವ ಅಂಕಣ ನನ್ನ ಕಣ್ಣಿಗೆ ಬಿದ್ದಿಲ್ಲ.

ದೀಕ್ಷಾಸ್ನಾನ ಅಳಿಸಲಾಗದ ಮುದ್ರೆ ಎಂಬುದು ನಮ್ಮ ಬೋಧನೆ. ವಿಧಿಪೂರ್ವಕವಾಗಿ ಹೊರನಡೆಯುವವರ ಬಗ್ಗೆ ಧರ್ಮಸಭೆಯ ಕಾನೂನಿನ ಮದುವೆಯ ಭಾಗದಲ್ಲಿ ಒಂದೆರಡು ಮಾತಿದ್ದವು. 2009ರಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟ್ ಅವನ್ನೂ ತೆಗೆದುಹಾಕಿದರು.

ಸುಮ್ಮನೆ ಓದುಗ
ಹಾಗಾದರೆ ಸತ್ತವರೂ ಲೆಕ್ಕದಲ್ಲಿ ಇರುತ್ತಾರೆಯೇ?

ಗಂಟೆಗೋಪುರ
ಇಲ್ಲಪ್ಪ. ಪುಸ್ತಕದ ಹೆಸರುಗಳನ್ನು ಒಂದೊಂದಾಗಿ ಕೂಡಿ ಯಾರೂ ರೋಮಿಗೆ ಕಳುಹಿಸುವುದಿಲ್ಲ. ಪ್ರತಿ ಧರ್ಮಪ್ರಾಂತ್ಯವೂ, ಅಂದರೆ ಬಿಷಪ್ ಒಬ್ಬರ ಆಡಳಿತಕ್ಕೆ ಸೇರಿದ ಪ್ರದೇಶವೂ, ತನ್ನಲ್ಲಿ ಇಷ್ಟು ಮಂದಿ ಇದ್ದಾರೆ ಎಂದು ಅಂದಾಜು ಕೊಡುತ್ತದೆ. ಅಂದಾಜು ಎಷ್ಟು ಬಿಗಿ, ಎಷ್ಟು ಸಡಿಲ ಎನ್ನುವುದು ಆಯಾ ಕಚೇರಿಗೆ ಬಿಟ್ಟದ್ದು.

ಕೊಂಕುನುಡಿ
ತಲೆಗೆ ನೀರು ಹಾಕಿಸಿಕೊಂಡವರೆಲ್ಲ ಕ್ಯಾಥೊಲಿಕರಾದರೆ ಈಜು ಕಲಿತವರೆಲ್ಲ ಮೀನುಗಳು. ವಾರಕ್ಕೊಮ್ಮೆಯೂ ಚರ್ಚಿನ ಕಡೆ ತಲೆ ಹಾಕದವರನ್ನು ಎಣಿಸಲೇಬಾರದು ಎನ್ನುವುದು ನನ್ನ ವಾದ.

ಕಪ್ಪುಹಲಗೆ
ಆ ಅಳತೆಗೋಲು ಹಿಡಿದರೆ ನಕ್ಷೆಗಾರರ ಹಳದಿ ಡಬ್ಬಿ ತೆರೆಯುವುದೇ ಬೇಡ. ಸ್ಪೇನನ್ನೇ ನೋಡಿ. ಅಲ್ಲಿನ ಸರ್ಕಾರಿ ಸಮೀಕ್ಷಾ ಕೇಂದ್ರ ತನ್ನ ಸಮೀಕ್ಷೆಗಳಲ್ಲಿ ಜನರನ್ನು ಕೇಳುವಾಗ ‘ಆಚರಿಸುವ ಕ್ಯಾಥೊಲಿಕ್’ ಮತ್ತು ‘ಆಚರಿಸದ ಕ್ಯಾಥೊಲಿಕ್’ ಎಂದು ಎರಡು ಉತ್ತರಗಳನ್ನು ಮುಂದಿಡುತ್ತದೆ. ಎರಡನ್ನೂ ಕೂಡಿದರೆ ಅರ್ಧಕ್ಕಿಂತ ಸ್ವಲ್ಪ ಮೇಲೆ. ಬರೀ ಆಚರಿಸುವವರು ಎಂದರೆ ಐದರಲ್ಲಿ ಒಬ್ಬರ ಆಸುಪಾಸು. ಆಚರಿಸದವರೂ ‘ನಾನು ಕ್ಯಾಥೊಲಿಕ್’ ಎಂದು ತಾವಾಗಿಯೇ ಹೇಳಿದ್ದಾರಲ್ಲ ಸ್ವಾಮಿ, ‘ನೀನಲ್ಲ’ ಎನ್ನಲು ನೀವು ಯಾರು, ನಾನು ಯಾರು?

ಕೊಂಕುನುಡಿ
ನಾನು ಕವಿ ಎಂದು ನಾನೂ ಹೇಳಿಕೊಳ್ಳುತ್ತೇನೆ. ನೀವು ಒಪ್ಪುತ್ತೀರಾ?

ಕಪ್ಪುಹಲಗೆ
ಕವಿಗಳ ಗಣತಿ ನಡೆದರೆ ಒಪ್ಪುತ್ತೇನೆ.

ರೈನ್ ತೀರ
ನಂಬಿಕೆ, ನೀರು ಎರಡನ್ನೂ ಬಿಡಿ. ಹಣದಿಂದ ಎಣಿಸುವ ದೇಶದಲ್ಲಿ ನಾನು ಆರು ವರ್ಷ ಇದ್ದೆ. ಜರ್ಮನಿಗೆ ಹೋದ ಮೊದಲ ವಾರ ವಿಳಾಸ ನೋಂದಾಯಿಸುವ ಅರ್ಜಿಯಲ್ಲಿ ಧರ್ಮದ ಅಂಕಣವಿತ್ತು. ನನ್ನ ಜೊತೆ ಬಂದಿದ್ದ ಗೆಳೆಯ ಹುಟ್ಟಿನಿಂದ ಕ್ಯಾಥೊಲಿಕ್, ಚರ್ಚಿಗೆ ಹೋಗಿ ವರ್ಷಗಳಾಗಿದ್ದವು. ಏನೂ ಯೋಚಿಸದೆ ಬರೆದ. ಮೊದಲ ಸಂಬಳದ ಚೀಟಿ ಬಂದಾಗ ಅವನ ಹೆಸರಿನ ಕೆಳಗೆ ‘ಆರ್‌ಕೆ’ ಎಂಬ ಎರಡು ಅಕ್ಷರ, ಕಡಿತದ ಸಾಲಿನಲ್ಲಿ ಚರ್ಚ್ ತೆರಿಗೆ. ಆದಾಯ ತೆರಿಗೆ ಎಷ್ಟು ಬರುತ್ತದೋ ಅದರ ಮೇಲೆ ಶೇ. 9, ಬವೇರಿಯಾ ಮತ್ತು ಬಾಡೆನ್-ವುರ್ಟೆಂಬರ್ಗ್‌ನಲ್ಲಿ ಶೇ. 8. ಪುಣ್ಯಾತ್ಮ ಚೀಟಿಯನ್ನು ಎರಡು ಸಲ ಓದಿ, ‘ರೋಮನ್ ಕ್ಯಾಥೊಲಿಕ್ ಎಂಬುದಕ್ಕೆ ಇಲ್ಲಿ ಬೆಲೆಯಿದೆ’ ಎಂದ. ಎರಡು ವರ್ಷ ಕಟ್ಟಿ, ಆಮೇಲೆ ಸರ್ಕಾರಿ ಕಚೇರಿಗೆ ಹೋಗಿ ಶುಲ್ಕ ಕಟ್ಟಿ ಹೊರಬಂದ. ಹೊರಬರುವುದಕ್ಕೂ ಶುಲ್ಕ!

ಹಾಗಾಗಿ ಜರ್ಮನಿಯ ಅಂಕಿ ಬಲು ಬಿಗಿ. 2022ರ ಕೊನೆಗೆ 2.09 ಕೋಟಿ ಕ್ಯಾಥೊಲಿಕರು, ಅಂದರೆ ಕಾಲು ಭಾಗಕ್ಕೂ ತುಸು ಕಡಿಮೆ. ಅದೊಂದೇ ವರ್ಷ 5 ಲಕ್ಷಕ್ಕೂ ಹೆಚ್ಚು ಮಂದಿ ಹೊರನಡೆದರು. ಜೇಬಿಗೆ ಕೈ ಹಾಕಿದಾಗ ಗಣತಿ ತಾನಾಗಿಯೇ ನಿಖರವಾಗುತ್ತದೆ.

ಆಸ್ಟ್ರಿಯಾದಲ್ಲೂ ಇಂಥದೇ ವಂತಿಗೆ ಇದೆ, ಆದರೆ ವಸೂಲಿ ಮಾಡುವುದು ಚರ್ಚೇ. ಅಲ್ಲಿ 1951ರಲ್ಲಿ ಶೇ. 89ರಷ್ಟು ಕ್ಯಾಥೊಲಿಕರಿದ್ದರು, 2021ರ ಸರ್ಕಾರಿ ಸಮೀಕ್ಷೆಯಲ್ಲಿ ಶೇ. 55. ಈಗ ಅರ್ಧದ ಗೆರೆಯ ಮೇಲೆಯೇ ತೂಗಾಡುತ್ತಿದೆ. ಆಸ್ಟ್ರಿಯಾಕ್ಕೆ ಅಳಿಸಬಹುದಾದ ಬಣ್ಣ ಹಾಕಿ.

ಸುಮ್ಮನೆ ಓದುಗ
ಇಷ್ಟೆಲ್ಲ ಏಕೆ? ಯಾವ ದೇಶದ ಸಂವಿಧಾನದಲ್ಲಿ ಕ್ಯಾಥೊಲಿಕ್ ಧರ್ಮವೇ ರಾಜ್ಯಧರ್ಮ ಎಂದಿದೆಯೋ ಅಷ್ಟಕ್ಕೆ ಬಳಿದರೆ ಮುಗಿಯಿತಲ್ಲ?

ಗಣತಿ ಅಜ್ಜ
ಮುಗಿಯುವುದಿಲ್ಲ ಮಗು. ಮಾಲ್ಟಾ, ಮೊನಾಕೊ, ಲಿಕ್ಟೆನ್‌ಸ್ಟೈನ್, ಕೋಸ್ಟ ರಿಕ, ಇಷ್ಟಕ್ಕೇ ಕುಂಚ ತೊಳೆಯಬೇಕಾಗುತ್ತದೆ. ಫಿಲಿಪ್ಪೀನ್ಸಿನಲ್ಲಿ 2020ರ ಗಣತಿಯಂತೆ ಶೇ. 78.8 ಕ್ಯಾಥೊಲಿಕರು. ಆದರೆ ಅದರ 1987ರ ಸಂವಿಧಾನ ಚರ್ಚು ಮತ್ತು ರಾಜ್ಯ ಬೇರೆ ಬೇರೆ ಎಂದು ಸಾರುತ್ತದೆ. ಅರ್ಜೆಂಟೀನಾದಲ್ಲಿ 1994ರವರೆಗೆ ಅಧ್ಯಕ್ಷರಾಗುವವರು ಕ್ಯಾಥೊಲಿಕರೇ ಆಗಿರಬೇಕಿತ್ತು. ಆ ನಿಯಮ ಹೋದ ಮಾರನೆಯ ದಿನ ಅಲ್ಲಿನ ಜನಸಂಖ್ಯೆ ಬದಲಾಗಲಿಲ್ಲ. ಕಾನೂನು ಒಂದು ದಾರಿ, ಜನ ಒಂದು ದಾರಿ.

ದಕ್ಷಿಣಗೋಳ
‘ದಕ್ಷಿಣ ಅಮೆರಿಕಕ್ಕೆ ಪೂರ್ತಿ ಬಳಿದಾಯಿತು’ ಎಂಬ ಸಾಲು ಓದಿ ಎದೆ ಧಸಕ್ಕೆಂದಿತು. ಗಯಾನಾ ಮತ್ತು ಸುರಿನಾಮ್ ಏನು ತಪ್ಪು ಮಾಡಿದವು? ಒಂದು ಬ್ರಿಟಿಷರ ವಸಾಹತು, ಇನ್ನೊಂದು ಡಚ್ಚರದು. ಗಯಾನಾದಲ್ಲಿ ಹಿಂದೂಗಳೇ ಕಾಲು ಭಾಗದಷ್ಟಿದ್ದಾರೆ, ಕ್ಯಾಥೊಲಿಕರು ಹತ್ತರಲ್ಲಿ ಒಬ್ಬರೂ ಇಲ್ಲ.

ಉರುಗ್ವೆಗೂ ಹಳದಿ ಸಲ್ಲುವುದಿಲ್ಲ. ಆ ದೇಶ ಒಂದು ಶತಮಾನದ ಹಿಂದೆಯೇ ಚರ್ಚಿನಿಂದ ದೂರ ಸರಿಯಿತು. ಅಲ್ಲಿನ ಸರ್ಕಾರಿ ಪಂಚಾಂಗದಲ್ಲಿ ಕ್ರಿಸ್‌ಮಸ್ ಇಲ್ಲ, ಡಿಸೆಂಬರ್ 25 ‘ಕುಟುಂಬ ದಿನ’. ಪವಿತ್ರ ವಾರದ ಹೆಸರು ‘ಪ್ರವಾಸ ವಾರ’. ರಜೆ ಮಾತ್ರ ಬಿಟ್ಟಿಲ್ಲ, ಜಾಣರು.

ಬ್ರೆಜಿಲ್ ಬಗ್ಗೆ ಒಂದು ಮಾತು. ಅಲ್ಲಿನ ಗಣತಿಯ ಅಂಕಿಗಳನ್ನು ಸಾಲಾಗಿ ಇಟ್ಟು ನೋಡಿ: 1970ರಲ್ಲಿ ಶೇ. 92ರ ಹತ್ತಿರ, 1991ರಲ್ಲಿ 83, 2010ರಲ್ಲಿ 64.6, 2022ರಲ್ಲಿ 56.7. ಹೋದವರಲ್ಲಿ ಹೆಚ್ಚಿನವರು ಧರ್ಮವನ್ನೇ ಬಿಟ್ಟವರಲ್ಲ, ಇವಾಂಜೆಲಿಕಲ್ ಎನ್ನುವ ಪ್ರೊಟೆಸ್ಟೆಂಟ್ ಸಭೆಗಳಿಗೆ ಸೇರಿದವರು. ಅವರು ಈಗ ಶೇ. 26.9. ಯುರೋಪಿನಲ್ಲಿ ಚರ್ಚು ಖಾಲಿಯಾದರೆ ಬ್ರೆಜಿಲ್‌ನಲ್ಲಿ ಜನ ಪಕ್ಕದ ಬೀದಿಯ ಚರ್ಚಿಗೆ ಹೋದರು. 1872ರ ಮೊದಲ ಗಣತಿಯಲ್ಲಿ ಶೇ. 99.7 ಕ್ಯಾಥೊಲಿಕರು ಎಂದಿದೆ. ಆದರೆ ಆಗ ಗುಲಾಮರನ್ನು ಯಾರೂ ಕೇಳಲಿಲ್ಲ, ಅಷ್ಟೂ ಮಂದಿಯನ್ನು ಕ್ಯಾಥೊಲಿಕರೆಂದೇ ಬರೆದುಕೊಂಡರು. ಆದ್ದರಿಂದ ಹಳೆಯ ಅಂಕಿಗಳನ್ನು ಕಂಡು ‘ಆಹಾ’ ಎನ್ನುವ ಮುನ್ನ ಪೆನ್ನು ಹಿಡಿದಿದ್ದವರು ಯಾರು ಎಂದು ವಿಚಾರಿಸಿ.

ಕೊಂಕುನುಡಿ
ಮೇಲಿನ ಕೊನೆಯ ಸಾಲಿಗೆ ನನ್ನ ಮತ. ಇಷ್ಟು ಹೊತ್ತಿನಲ್ಲಿ ಮೊದಲ ಸಲ ಯಾರನ್ನಾದರೂ ಒಪ್ಪುತ್ತಿದ್ದೇನೆ.

ಸುಮ್ಮನೆ ಓದುಗ
ಹೈಟಿ ದೇಶದ ಬಗ್ಗೆ ಒಂದು ಮಾತಿದೆಯಲ್ಲ: ಶೇ. 70 ಕ್ಯಾಥೊಲಿಕರು, ಶೇ. 30 ಪ್ರೊಟೆಸ್ಟೆಂಟರು, ಶೇ. 100 ವೋಡೂ, ಅಂದರೆ ಆಫ್ರಿಕಾ ಮೂಲದ ಅಲ್ಲಿನ ಜನಪದ ಧರ್ಮ!

ದಕ್ಷಿಣಗೋಳ
ತಮಾಷೆಯಾದರೂ ಅದರಲ್ಲಿ ಹುರುಳಿದೆ. ಒಂದು ಹೆಸರಿಗೆ ಒಂದೇ ಧರ್ಮ ಎಂಬುದು ಅರ್ಜಿ ತಯಾರಿಸಿದವರ ಅನುಕೂಲಕ್ಕೆ ಮಾಡಿಕೊಂಡದ್ದು.

ಗಂಟೆಗೋಪುರ
ಏಷ್ಯಾದಲ್ಲಿ ಫಿಲಿಪ್ಪೀನ್ಸ್ ಒಂದೇ ಎಂದಿರಲ್ಲ ನಕ್ಷೆಗಾರರೇ, ಪೂರ್ವ ತಿಮೋರ್ ಮರೆತಿರಿ. 2015ರ ಗಣತಿಯಲ್ಲಿ ಅಲ್ಲಿ ಶೇ. 97.6 ಕ್ಯಾಥೊಲಿಕರು. ವ್ಯಾಟಿಕನ್ ನಗರವನ್ನು ಬಿಟ್ಟರೆ ಇಷ್ಟು ದೊಡ್ಡ ಪಾಲು ಇರುವ ದೇಶ ಹುಡುಕುವುದು ಕಷ್ಟ.

ಗಣತಿ ಅಜ್ಜ
ಪೂರ್ವ ತಿಮೋರ್ ಕಥೆ ಕೇಳುವಂಥದ್ದು. ಪೋರ್ಚುಗೀಸರು ಶತಮಾನಗಟ್ಟಲೆ ಆಳಿದರೂ ಅವರು ಹೋಗುವಾಗ ಅಲ್ಲಿನ ಹೆಚ್ಚಿನ ಜನ ತಮ್ಮ ಹಿರಿಯರ ಪದ್ಧತಿಯಲ್ಲೇ ಇದ್ದರು. 1975ರಲ್ಲಿ ಇಂಡೋನೇಷ್ಯಾ ನುಗ್ಗಿತು. ಇಂಡೋನೇಷ್ಯಾದ ನಿಯಮದಲ್ಲಿ ಪ್ರತಿಯೊಬ್ಬರೂ ಸರ್ಕಾರ ಮಾನ್ಯ ಮಾಡಿದ ಧರ್ಮಗಳಲ್ಲಿ ಒಂದನ್ನು ಹೇಳಿಕೊಳ್ಳಬೇಕಿತ್ತು, ಬುಡಕಟ್ಟಿನ ನಂಬಿಕೆಗೆ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ. ಜನ ಆರಿಸಿಕೊಂಡದ್ದು ಚರ್ಚನ್ನು. ಆಕ್ರಮಣದ ದಿನಗಳಲ್ಲಿ ಅವರ ಪರ ದನಿಯೆತ್ತಿದ ಕೆಲವೇ ಸಂಸ್ಥೆಗಳಲ್ಲಿ ಅದೂ ಒಂದು. 2002ರಲ್ಲಿ ಸ್ವಾತಂತ್ರ್ಯ ಬರುವ ಹೊತ್ತಿಗೆ ಅದು ಕ್ಯಾಥೊಲಿಕ್ ದೇಶವಾಗಿಬಿಟ್ಟಿತ್ತು. ಮತಪ್ರಚಾರಕರಿಂದ ಆಗದ್ದನ್ನು ಅರ್ಜಿಯ ಒಂದು ಅಂಕಣ ಮಾಡಿತು.

ರೈನ್ ತೀರ
ಅರ್ಜಿಯೊಂದೇ ಅಲ್ಲ, ಅಜ್ಜ. ಇಪ್ಪತ್ತನಾಲ್ಕು ವರ್ಷಗಳ ಆಕ್ರಮಣ ಎಂದು ಬರೆಯಿರಿ.

ಗಣತಿ ಅಜ್ಜ
ಒಪ್ಪಿದೆ. ಮಾತಿನ ಓಘದಲ್ಲಿ ಹಗುರವಾಗಿ ಹೇಳಿಬಿಟ್ಟೆ.

ಹಸಿರುದ್ವೀಪ
ಐರ್ಲೆಂಡಿನಿಂದ ಬರೆಯುತ್ತಿದ್ದೇನೆ. 2022ರ ಏಪ್ರಿಲ್ 3ರ ರಾತ್ರಿ ನಮ್ಮ ಗಣತಿ. ನಾನಿದ್ದ ಮನೆಯಲ್ಲಿ ಮನೆಯೊಡತಿ ಅಡುಗೆಮನೆಯ ಮೇಜಿನ ಮೇಲೆ ಅರ್ಜಿ ಹರಡಿಕೊಂಡು ಕುಳಿತಿದ್ದರು. ದೊಡ್ಡ ಮಗನಿಗೆ ಮೂವತ್ತರ ಹತ್ತಿರ, ದೇವರಿಲ್ಲ ಎಂದು ಊಟದ ಹೊತ್ತಿಗೆ ದಿನವೂ ವಾದ ಮಾಡುವವನು. ಅವನ ಪುಟಕ್ಕೆ ಬಂದಾಗ ಧರ್ಮದ ಪ್ರಶ್ನೆಯ ಬಳಿ ಆಕೆಯ ಪೆನ್ನು ಒಂದು ಕ್ಷಣ ನಿಂತಿತು. ಒಳಗಿನ ಕೋಣೆಯಲ್ಲಿ ಅವನು ಫುಟ್‌ಬಾಲ್ ನೋಡುತ್ತಿದ್ದ. ಆಕೆ ನನ್ನನ್ನು ನೋಡಿ, ‘ಇವನಿಗೆ ದೀಕ್ಷಾಸ್ನಾನ ಮಾಡಿಸಿದ ದಿನ ಎಂಥ ಮಳೆ ಗೊತ್ತಾ’ ಎನ್ನುತ್ತ ರೋಮನ್ ಕ್ಯಾಥೊಲಿಕ್ ಚೌಕಕ್ಕೆ ಗುರುತು ಹಾಕಿಬಿಟ್ಟರು. ದೇಶದ ಅಂಕಿಅಂಶಕ್ಕೆ ಒಬ್ಬ ಹೆಚ್ಚಾದ.

ಇಂಥ ತಾಯಂದಿರಿದ್ದೂ ಒಟ್ಟು ಲೆಕ್ಕ ಆರು ವರ್ಷಗಳಲ್ಲಿ ಸುಮಾರು ಹತ್ತು ಅಂಶ ಇಳಿದು ಶೇ. 69ಕ್ಕೆ ಬಂತು. ಪ್ರಶ್ನೆಯನ್ನೂ ಆ ಸಲ ತಿದ್ದಿದ್ದರು. ‘ನಿಮ್ಮ ಧರ್ಮ ಯಾವುದು’ ಎಂದಿದ್ದುದು ‘ಧರ್ಮ ಇದ್ದರೆ, ಯಾವುದು’ ಎಂದಾಯಿತು. ‘ಧರ್ಮವಿಲ್ಲ’ ಎಂಬ ಚೌಕ ಕೊನೆಯಿಂದ ಮೊದಲಿಗೆ ಬಂತು. ಇಳಿಕೆಯಲ್ಲಿ ಎಷ್ಟು ಪಾಲು ಜನರದು, ಎಷ್ಟು ಪಾಲು ಅರ್ಜಿಯದು ಎಂದು ಇಲ್ಲಿ ಈಗಲೂ ಜಗಳವಿದೆ.

ವಿಷಯಕ್ಕೆ ಸಂಬಂಧವಿಲ್ಲ, ಆದರೂ ಹೇಳುತ್ತೇನೆ: ಅದೇ ಅರ್ಜಿಯ ಕೊನೆಯಲ್ಲಿ ಖಾಲಿ ಜಾಗವೊಂದಿತ್ತು. ಮುಂದಿನ ಪೀಳಿಗೆಗೆ ಏನು ಬೇಕಾದರೂ ಬರೆಯಬಹುದು, ನೂರು ವರ್ಷ ಮುಚ್ಚಿಡುತ್ತಾರೆ.

ಸುಮ್ಮನೆ ಓದುಗ
ಆ ತಾಯಿ ಅಲ್ಲಿ ಏನು ಬರೆದರು?

ಕಪ್ಪುಹಲಗೆ
ನಕ್ಷೆಗಾರರ ನಿಜವಾದ ತೊಡಕಿಗೆ ಯಾರೂ ಇನ್ನೂ ಕೈ ಹಾಕಿಲ್ಲ: ಅರ್ಧ ಎಂದರೆ ಯಾವುದರ ಅರ್ಧ?

ಹಂಗೇರಿಯನ್ನು ತೆಗೆದುಕೊಳ್ಳಿ. 2022ರ ಗಣತಿಯಲ್ಲಿ ರೋಮನ್ ಕ್ಯಾಥೊಲಿಕ್ ಶೇ. 27.5, ಗ್ರೀಕ್ ಕ್ಯಾಥೊಲಿಕ್ ಶೇ. 1.7, ಕೂಡಿದರೆ 29.2. ಹಳದಿ ಇಲ್ಲ ಎಂದು ಮುಂದೆ ಹೋಗುವ ಮುನ್ನ ಇನ್ನೊಂದು ಸಾಲು ಓದಿ. ಶೇ. 40 ಮಂದಿ ಆ ಪ್ರಶ್ನೆಗೆ ಉತ್ತರವನ್ನೇ ಕೊಡಲಿಲ್ಲ, ಕೊಡಲೇಬೇಕೆಂಬ ನಿಯಮವೂ ಇಲ್ಲ. ಬಾಯಿಬಿಟ್ಟವರನ್ನು ಮಾತ್ರ ಛೇದದಲ್ಲಿ ಇಟ್ಟು ಭಾಗಿಸಿ: 49ರ ಹತ್ತಿರ ಬರುತ್ತದೆ. ಇದೇ ಲೆಕ್ಕವನ್ನು 2011ರ ಅಂಕಿಗೆ ಮಾಡಿದರೆ 53 ದಾಟುತ್ತದೆ. ಅಂದರೆ ಒಂದು ರೀತಿಯಲ್ಲಿ ಹಂಗೇರಿ ಆ ಹನ್ನೊಂದು ವರ್ಷಗಳಲ್ಲಿ ಗೆರೆ ದಾಟಿತು, ಇನ್ನೊಂದು ರೀತಿಯಲ್ಲಿ ಅದು ಗೆರೆಯ ಹತ್ತಿರವೂ ಇರಲಿಲ್ಲ.

ಪೋಲೆಂಡ್ ಇನ್ನೂ ಸೊಗಸು. 2011ರಲ್ಲಿ ಶೇ. 87.6, 2021ರಲ್ಲಿ ಶೇ. 71.3. ‘ಪೋಲೆಂಡ್ ಕುಸಿಯಿತು’ ಎಂದು ಗುಲ್ಲೆದ್ದಿತು. ಆದರೆ 2021ರಲ್ಲಿ ಐದರಲ್ಲೊಬ್ಬರು ಉತ್ತರಿಸಲು ಒಪ್ಪಲಿಲ್ಲ. ಉತ್ತರಿಸಿದವರಲ್ಲಿ ಲೆಕ್ಕ ಹಾಕಿದರೆ ಶೇ. 90ರ ಸಮೀಪ. ಪೋರ್ಚುಗಲ್‌ನ ಶೇ. 80 ಎಂದು ನೀವು ಬರೆದುಕೊಂಡಿದ್ದರೆ ಅದು ಹೀಗೆಯೇ ಉತ್ತರಿಸಿದವರಲ್ಲಿ ತೆಗೆದ ಅಂಕಿ. ಪೋರ್ಚುಗಲ್ಲಿಗೆ ಒಂದು ಛೇದ, ಪೋಲೆಂಡಿಗೆ ಇನ್ನೊಂದು ಛೇದ ಇಟ್ಟು ಎರಡನ್ನೂ ಒಂದೇ ನಕ್ಷೆಯಲ್ಲಿ ತೋರಿಸಿದರೆ ನನ್ನ ತರಗತಿಯಲ್ಲಿ ಅಂಕ ಕಳೆಯುತ್ತೇನೆ.

ಕೊಂಕುನುಡಿ
ಉತ್ತರಿಸದವರು ಎಂದರೆ ನಂಬದವರು ಎಂದೇ ಅರ್ಥ. ನಂಬುವವನು ಏಕೆ ಮುಚ್ಚಿಡುತ್ತಾನೆ?

ಕಪ್ಪುಹಲಗೆ
ಸರ್ಕಾರಕ್ಕೆ ಇದೆಲ್ಲ ಏಕೆ ಹೇಳಬೇಕು ಎಂದುಕೊಳ್ಳುವ ಭಕ್ತನೂ ಇರುತ್ತಾನೆ. ಧರ್ಮದ ದಾಖಲೆ ಯಾರ ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದನ್ನು ಕಳೆದ ಶತಮಾನದಲ್ಲಿ ಯುರೋಪ್ ಕಣ್ಣಾರೆ ಕಂಡಿದೆ.

ಗಣತಿ ಅಜ್ಜ
ಅದಕ್ಕೇ ಕೆಲವರು ಕೇಳುವುದೇ ಇಲ್ಲ. ಫ್ರಾನ್ಸಿನ ಗಣತಿ ಧರ್ಮವನ್ನು ಕೊನೆಯದಾಗಿ ಕೇಳಿದ್ದು 1872ರಲ್ಲಿ. ಈಗ ಇರುವುದು ಸಮೀಕ್ಷೆ ಮಾತ್ರ. 2019–20ರಲ್ಲಿ ಅಲ್ಲಿನ ಅಂಕಿಅಂಶ ಸಂಸ್ಥೆ 18ರಿಂದ 59 ವಯಸ್ಸಿನವರನ್ನು ಕೇಳಿದಾಗ ಶೇ. 29 ಕ್ಯಾಥೊಲಿಕ್ ಎಂದರು, ಶೇ. 51 ಧರ್ಮವಿಲ್ಲ ಎಂದರು. ಲಕ್ಸೆಂಬರ್ಗ್‌ನಲ್ಲಿ ಇಂಥ ಮಾಹಿತಿ ಸಂಗ್ರಹಕ್ಕೆ 1979ರ ಕಾನೂನೇ ಅಡ್ಡ ಬಂತು. ಬೆಲ್ಜಿಯಂ, ಇಟಲಿ ಗಣತಿಗಳಲ್ಲೂ ಆ ಪ್ರಶ್ನೆ ಇಲ್ಲ. ಇವನ್ನೆಲ್ಲ ‘ಕ್ಯಾಥೊಲಿಕ್ ಬಹುಸಂಖ್ಯಾತ’ ಎಂದು ಹಳೆಯ ಪುಸ್ತಕಗಳು ಬರೆದದ್ದನ್ನೇ ಹೊಸ ಪುಸ್ತಕಗಳು ನಕಲು ಮಾಡುತ್ತ ಬಂದಿವೆ.

ಝೆಕ್ ಬಿಟ್ಟುಬಿಡಿ. ಅಲ್ಲಿ 2021ರಲ್ಲಿ ಕ್ಯಾಥೊಲಿಕ್ ಎಂದು ಬರೆಸಿದವರು ಶೇ. 10ಕ್ಕೂ ಕಡಿಮೆ.

ನಕ್ಷೆಗಾರ
ಝೆಕ್ ಮೇಲೆ ಎರಡು ಪದರ ಬಳಿದಿದ್ದೇನೆ.

ರೈನ್ ತೀರ
ಮರಳು ಕಾಗದ ತೆಗೆದುಕೊಳ್ಳಿ.

ಗಂಟೆಗೋಪುರ
ಕಪ್ಪುಹಲಗೆಯವರು ಗ್ರೀಕ್ ಕ್ಯಾಥೊಲಿಕರನ್ನು ಕೂಡಿದ್ದು ನೋಡಿ ಸಂತೋಷವಾಯಿತು. ಹಲವರು ಮರೆಯುತ್ತಾರೆ. ರೋಮನ್ ಪದ್ಧತಿಯ ಜೊತೆಗೆ 23 ಪೂರ್ವದ ಧರ್ಮಸಭೆಗಳೂ ಪೋಪರನ್ನು ಒಪ್ಪುತ್ತವೆ. ಸ್ಲೊವಾಕಿಯಾದಲ್ಲಿ 2021ರಲ್ಲಿ ರೋಮನ್ ಕ್ಯಾಥೊಲಿಕ್ ಶೇ. 55.8, ಗ್ರೀಕ್ ಕ್ಯಾಥೊಲಿಕ್ ಶೇ. 4. ಅಲ್ಲಿ ಹೇಗೂ ಅರ್ಧ ದಾಟುತ್ತದೆ, ಆದರೆ ಅಂಚಿನಲ್ಲಿರುವ ದೇಶಕ್ಕೆ ಅಂಥ ನಾಲ್ಕು ಅಂಶವೇ ತೀರ್ಪು.

ಇನ್ನೊಂದು ಚಿಕ್ಕ ತಕರಾರು. ಇಲ್ಲಿ ಎಲ್ಲರೂ ‘ಕ್ಯಾಥೊಲಿಕ್’ ಎನ್ನುತ್ತಿದ್ದೀರಿ. ಕನ್ನಡದಲ್ಲಿ ನಾವು ಬರೆಯುವುದು ‘ಕಥೋಲಿಕ’.

ಕೊಂಕುನುಡಿ
ಪತ್ರಿಕೆಗಳಲ್ಲಿ ‘ಕ್ಯಾಥೊಲಿಕ್’ ಎಂದೇ ಇರುತ್ತದೆ. ‘ಕಥೋಲಿಕ’ ಎಂದರೆ ಕಥೆ ಹೇಳುವವನು ಎಂದುಕೊಂಡಾರು.

ಗಂಟೆಗೋಪುರ
ನಿಮಗಿಂತ ಚೆನ್ನಾಗಿ ಕಥೆ ಹೇಳುವವರು ನಮ್ಮಲ್ಲಿಲ್ಲ ಬಿಡಿ.

ದಕ್ಷಿಣಗೋಳ
ಆಫ್ರಿಕಾ ಯಾರಿಗೂ ನೆನಪಿಲ್ಲವೇ? ಕೇಪ್ ವರ್ಡೆ, ಬುರುಂಡಿ, ಈಕ್ವಟೋರಿಯಲ್ ಗಿನಿ ಹಳದಿಗೆ ಬರುತ್ತವೆ. ಉಗಾಂಡಾದಲ್ಲಿ ಕ್ಯಾಥೊಲಿಕರೇ ಅತಿ ದೊಡ್ಡ ಗುಂಪು, ಆದರೆ 2014ರಲ್ಲಿ ಶೇ. 39 ಮಾತ್ರ. ಎಲ್ಲರಿಗಿಂತ ಹೆಚ್ಚು ಎಂಬುದೂ ಅರ್ಧಕ್ಕಿಂತ ಹೆಚ್ಚು ಎಂಬುದೂ ಬೇರೆ. ಕನ್ನಡದಲ್ಲಿ ಎರಡಕ್ಕೂ ‘ಬಹುಸಂಖ್ಯಾತ’ ಎಂದುಬಿಡುತ್ತೇವೆ, ಗೊಂದಲದ ಅರ್ಧ ಪಾಲು ಅಲ್ಲಿಂದಲೇ.

ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯ ಕೊನೆಯ ತಲೆನೋವು. ವ್ಯಾಟಿಕನ್ ಲೆಕ್ಕದಲ್ಲಿ ಅಲ್ಲಿ ಸುಮಾರು 5.5 ಕೋಟಿ ಕ್ಯಾಥೊಲಿಕರು, ಆಫ್ರಿಕಾದಲ್ಲೇ ಹೆಚ್ಚು. ಅರ್ಧವೋ ಅಲ್ಲವೋ ಎಂದು ಭಾಗಿಸಲು ಒಟ್ಟು ಜನಸಂಖ್ಯೆ ಬೇಕಲ್ಲ? ಅಲ್ಲಿ ಕೊನೆಯ ಜನಗಣತಿ ನಡೆದದ್ದು 1984ರಲ್ಲಿ. ಮೇಲಿನ ಅಂಕಿಯೂ ಅಂದಾಜು, ಕೆಳಗಿನದೂ ಅಂದಾಜು.

ನಕ್ಷೆಗಾರ
ಎಲ್ಲರಿಗೂ ಕೃತಜ್ಞತೆಗಳು, ತಲೆ ಗಿರ್ ಎನ್ನುತ್ತಿದೆ. ಹೀಗೆ ಮಾಡಿದ್ದೇನೆ. ಜನ ತಾವೇ ಹೇಳಿಕೊಂಡ ಗಣತಿಯಲ್ಲಿ, ಒಟ್ಟು ಜನಸಂಖ್ಯೆಯ ಅರ್ಧ ದಾಟಿದ ದೇಶಕ್ಕೆ ತುಂಬು ಹಳದಿ: ಪೋಲೆಂಡ್, ಐರ್ಲೆಂಡ್, ಕ್ರೊಯೇಷಿಯಾ, ಲಿಥುವೇನಿಯಾ, ಸ್ಲೊವಾಕಿಯಾ, ಮೆಕ್ಸಿಕೊ, ಫಿಲಿಪ್ಪೀನ್ಸ್, ಪೂರ್ವ ತಿಮೋರ್ ಇತ್ಯಾದಿ. ಬ್ರೆಜಿಲ್‌ನದು ಹತ್ತು ವರ್ಷ ಮೇಲ್ಪಟ್ಟವರ ಲೆಕ್ಕವಾದರೂ ಅದನ್ನೂ ಇಲ್ಲೇ ಸೇರಿಸಿದ್ದೇನೆ. ಸಮೀಕ್ಷೆಯೊಂದೇ ಆಧಾರವಾದರೆ ಹಳದಿ ಗೆರೆಗಳು: ಇಟಲಿ, ಸ್ಪೇನ್. ಲಕ್ಸೆಂಬರ್ಗ್ ಮತ್ತು ಕಾಂಗೊಗೆ ಬೂದು. ಆಸ್ಟ್ರಿಯಾಕ್ಕೆ ಪೆನ್ಸಿಲ್. ಪ್ರತಿ ಹೆಸರಿನ ಕೆಳಗೂ ವರ್ಷ ಬರೆದಿದ್ದೇನೆ. ಝೆಕ್ ಹಳದಿ ಉಜ್ಜಿದರೂ ಹೋಗುತ್ತಿಲ್ಲ, ಅದರ ಮೇಲೆ ನಕ್ಷೆಯ ಶೀರ್ಷಿಕೆ ಅಂಟಿಸಿದ್ದೇನೆ.

ಕಪ್ಪುಹಲಗೆ
ಪೋರ್ಚುಗಲ್?

ನಕ್ಷೆಗಾರ
ತುಂಬು ಹಳದಿ, ಪಕ್ಕದಲ್ಲಿ ‘ಉತ್ತರಿಸಿದವರಲ್ಲಿ’ ಎಂದು ಚಿಕ್ಕದಾಗಿ. ಅಂಕ ಕಳೆಯಬೇಡಿ ಮೇಷ್ಟ್ರೇ.

ಸುಮ್ಮನೆ ಓದುಗ
ಹಸಿರುದ್ವೀಪ ಅವರೇ, ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ. ಆ ತಾಯಿ ಖಾಲಿ ಜಾಗದಲ್ಲಿ ಏನು ಬರೆದರು?

ಹಸಿರುದ್ವೀಪ
ಕೈ ಅಡ್ಡ ಇಟ್ಟುಕೊಂಡು ಬರೆದರು, ಕಾಣಿಸಲಿಲ್ಲ. 2122ರಲ್ಲಿ ತೆರೆಯುತ್ತಾರೆ, ಆಗ ನೋಡಿ ತಿಳಿಸಿ.